ಎರಡು ಬೆರಳು ಸಡಿಲ

ಇಪ್ಪತ್ತು ವರ್ಷದಿಂದ ನಾನು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದೇನೆ. ಯಾವ ತಾಯಿ ಬಂದರೂ ಹೇಳುವ ಮಾತು ಒಂದೇ: ಬೆಳೆಯೋ ಮಗು, ಸ್ವಲ್ಪ ಸಡಿಲವಾಗೇ ಇರ್ಲಿ. ಅಳತೆಗಿಂತ ಎರಡು ಬೆರಳು ಹೆಚ್ಚು ಬಿಡುವುದು ನನ್ನ ಕೈಗೆ ಅಂಟಿಹೋದ ಅಭ್ಯಾಸ. ರಜೆಗೆ ಸಮುದ್ರಕ್ಕೆ ಹೋಗುವುದೆಂದಾದಾಗ ಮಕ್ಕಳಿಗೆ ಲೈಫ್ ಜಾಕೆಟ್ ಕೊಳ್ಳುವಾಗಲೂ ಕೈ ತಾನಾಗಿಯೇ ದೊಡ್ಡ ಸೈಜಿಗೆ ಹೋಯಿತು. ಮುಂದಿನ ವರ್ಷಕ್ಕೂ ಆಗುತ್ತದಲ್ಲ ಎಂದುಕೊಂಡೆ. ಜಾಣತನ ಮೆರೆದ ಖುಷಿ ಬೇರೆ.

ಉಳಿದದ್ದರಲ್ಲಿ ನಾನು ಎಚ್ಚರಿಕೆ ತಪ್ಪಿದವಳಲ್ಲ. ನೀರೊಳಗಿನ ಮೀನು ನೋಡಬೇಕೆಂದು ಮಗಳು ವರ್ಷದಿಂದ ತಲೆ ತಿನ್ನುತ್ತಿದ್ದಳು. ತೋರಿಸುತ್ತೇನೆ, ಆದರೆ ಜೊತೆಗೆ ನಾನೂ ಇಳಿಯುತ್ತೇನೆ ಎಂದು ಮಾತು ಕೊಟ್ಟೆ. ಅದಕ್ಕಾಗಿ ನಲವತ್ತೆರಡನೆಯ ವಯಸ್ಸಿನಲ್ಲಿ ಈಜುಕೊಳಕ್ಕೆ ಸೇರಿ, ಚಿಳ್ಳೆಪಿಳ್ಳೆಗಳು ಕಿಸಕ್ಕೆಂದು ನಕ್ಕರೂ ಬಿಡದೆ ನಾಲ್ಕು ತಿಂಗಳು ಕೈಕಾಲು ಬಡಿದೆ. ದಡದಲ್ಲಿ ಟವೆಲ್ ಹಿಡಿದು ಕೂರುವ ಅಮ್ಮ ನಾನಲ್ಲ ಎಂದು ಗಂಡನಿಗೆ ಕಡ್ಡಿ ಮುರಿದಂತೆ ಹೇಳಿದೆ. ಹನ್ನೊಂದರ ಮಗ ಅಪ್ಪನ ಪಾಲು, ಏಳರ ಮಗಳು ನನ್ನ ಪಾಲು. ಮೈಯಲ್ಲಿ ಹಿಡಿಯಷ್ಟೂ ಮಾಂಸವಿಲ್ಲದ ಆ ಪುಟಾಣಿಯನ್ನು ಮನೆಯಲ್ಲಿ ಬಟನ್ ಎನ್ನುತ್ತೇವೆ.

ಸಮುದ್ರದ ದಡದಲ್ಲಿ ನಮ್ಮನ್ನು ನೀರಿಗಿಳಿಸಬೇಕಾದ ಈಜು ಟೀಚರ್ ಮೊದಲು ಮಗನ ಜಾಕೆಟ್ಟಿನ ಭುಜ ಹಿಡಿದು ಎತ್ತಿದರು. ತಿಂಡಿಪೋತನ ಮೈಗೆ ಅದು ಗಟ್ಟಿಯಾಗಿ ಕೂತಿತ್ತು. ಆಮೇಲೆ ಬಟನ್ ಸರದಿ. ಪಟ್ಟಿಗಳನ್ನೆಲ್ಲ ಕೊನೆಯವರೆಗೆ ಎಳೆದು ಬಿಗಿದು, ಭುಜ ಹಿಡಿದು ಎತ್ತಿದರು. ಗುಲಾಬಿ ಬಣ್ಣದ ಜಾಕೆಟ್ ಸರ್ರನೆ ಕಿವಿಯವರೆಗೆ ಬಂತು. ಮಗಳು ಮರಳಿನ ಮೇಲೆಯೇ ನಿಂತಿದ್ದಳು.

“ನೀರಲ್ಲೂ ಹೀಗೇ ಆಗೋದು. ಜಾಕೆಟ್ ಮೇಲೆ ಬರುತ್ತೆ, ಮಗು ಕೆಳಗೆ ಹೋಗುತ್ತೆ,” ಎಂದರು ಟೀಚರ್. “ಅಳತೆ ನೋಡದೆ ತಂದ್ರಾ?”

ಕೊರಳಲ್ಲಿ ಟೇಪು ಹಾಕಿಕೊಂಡೇ ಊಟ ಮಾಡುವವಳಿಗೆ ಈ ಮಾತು. ನಾಚಿಕೆಯಿಂದ ಮುಖ ಬಿಸಿಯಾಯಿತು.

“ಸೂಜಿ ದಾರ ಇದೆ. ಹತ್ತು ನಿಮಿಷ ಕೊಡಿ, ಎರಡೂ ಪಕ್ಕ ಹಿಡಿದು ಹೊಲಿದುಬಿಡ್ತೀನಿ,” ಎಂದೆ.

“ನಿಮ್ಮ ಹೊಲಿಗೆ ಮೇಲೆ ಅನುಮಾನ ಇಲ್ಲಮ್ಮ. ಆದ್ರೆ ಇದು ಹೊಲಿದು ಸರಿಮಾಡೋ ವಸ್ತು ಅಲ್ಲ. ಬೇರೆ ಕೊಡ್ತೀನಿ ಇರಿ.”

ಅವರು ತಂದದ್ದು ಬಣ್ಣ ಮಾಸಿದ, ಕಿತ್ತಳೆ ಬಣ್ಣದ ಚಿಕ್ಕ ಜಾಕೆಟ್. ಮೇಲೆ ಸರಿಯದಂತೆ ಕಾಲುಗಳ ನಡುವೆ ಹಾದುಬರುವ ಪಟ್ಟಿಯೂ ಇತ್ತು. ಬಟನ್ ಮುಖ ಊದಿಸಿಕೊಂಡಳು.

“ನಂಗೆ ಪಿಂಕೇ ಬೇಕು. ಇದು ಪಾಪು ಚಡ್ಡಿ ಥರ ಇದೆ.” ಕಣ್ಣಲ್ಲಿ ಆಗಲೇ ನೀರು.

ಮಕ್ಕಳು ಅತ್ತರೆ ನನ್ನ ಗಂಡ ಬೆಣ್ಣೆ. “ಸೊಂಟದಷ್ಟು ನೀರಲ್ಲಿ ತಾನೆ? ಪಿಂಕೇ ಹಾಕ್ಲಿ ಬಿಡೇ. ನಾವೆಲ್ಲ ಇದೀವಲ್ಲ,” ಎಂದರು.

“ನಮ್ಮ ಸೊಂಟ ಅಂದ್ರೆ ಅವಳ ಮೂಗು. ನೀವು ಸುಮ್ನಿರಿ.”

ತಪ್ಪು ನನ್ನದು, ಅಳುವುದು ಅವಳು. ಆದರೆ ಪಟ್ಟು ಬಿಡಲಿಲ್ಲ. ಅವಳ ಮುಂದೆ ಮಂಡಿಯೂರಿದೆ.

“ಅಮ್ಮ ತಪ್ಪು ಮಾಡಿದೀನಿ ಕಣೇ, ದೊಡ್ಡದು ತಂದ್ಬಿಟ್ಟೆ. ಮೀನು ನೋಡ್ಬೇಕು ಅಂದ್ರೆ ಇದನ್ನೇ ಹಾಕ್ಕೋ. ಬೇಡ ಅಂದ್ರೆ ಇಬ್ರೂ ಇಲ್ಲೇ ಕೂತ್ಕೊಳ್ಳೋಣ.”

ಆಚೆ ಅಣ್ಣ ಆಗಲೇ ಅಪ್ಪನ ಕೈ ಹಿಡಿದು ನೀರಿಗೆ ಇಳಿಯುತ್ತಿದ್ದ. ಅದನ್ನು ನೋಡಿ ಬಟನ್ ಮೂಗೊರೆಸಿಕೊಳ್ಳುತ್ತ ತೋಳು ತೂರಿಸಿದಳು. ಎತ್ತಿ ನೋಡಲು ಟೀಚರಿಗೆ ಮಾತ್ರ ಬಿಟ್ಟಳು, ನನ್ನ ಕೈ ಕೊಡವಿಬಿಟ್ಟಳು.

ಚೀಲದಿಂದ ಟೇಪು ತೆಗೆದು ನನ್ನ ತೋಳು ಅಳೆದೆ. ಭುಜದಿಂದ ಬೆರಳ ತುದಿಗೆ ಇಪ್ಪತ್ತಾರು ಇಂಚು.

“ನನ್ನಿಂದ ಇಷ್ಟೇ ದೂರ. ಒಂದಿಂಚು ಆಚೆ ಹೋಗೋ ಹಾಗಿಲ್ಲ,” ಎಂದೆ. ಬಟನ್ ಮುಖ ತಿರುಗಿಸಿ ನೀರಿನತ್ತ ನಡೆದಳು.

ನೀರಲ್ಲಿ ಅಕ್ಕಪಕ್ಕ ಬೋರಲು ಮಲಗಿದೆವು. ಕಣ್ಣಿಗೆ ಮಾಸ್ಕ್, ಬಾಯಲ್ಲಿ ಉಸಿರಾಡುವ ಕೊಳವೆ. ಕೆಳಗೆ ಹಳದಿ ಪಟ್ಟೆಯ ಮೀನುಗಳು ಹಿಂಡಾಗಿ ಹೋಗುತ್ತಿದ್ದವು. ಅವಳು ಕೋಪ ಮರೆತು ಕೊಳವೆಯೊಳಗೇ ಕಿರುಚಿದಳು. ಮೀನು ನೋಡುವ ಆಸೆ ನನಗೂ ಇತ್ತು. ಆದರೆ ನಾನು ನೋಡುತ್ತಿದ್ದದ್ದು ಅವಳನ್ನೇ.

ಅಷ್ಟರಲ್ಲಿ ಸಣ್ಣದೊಂದು ಅಲೆ ಬಂದು ಅವಳ ಕೊಳವೆಗೆ ನೀರು ನುಗ್ಗಿತು. ಕುಡಿದಳು, ಕೆಮ್ಮಿದಳು, ದಿಕ್ಕುತೋಚದೆ ಕಾಲು ಬಡಿದಳು. ಒಂದು ಏಟು ನನ್ನ ಮಾಸ್ಕಿಗೇ ಬಿತ್ತು. ಕೈ ಚಾಚಿ ಅವಳ ಜಾಕೆಟ್ಟಿನ ಭುಜ ಹಿಡಿದು ಮೇಲೆಳೆದೆ. ಮುಖ ಪೂರ್ತಿ ನೀರಿನಿಂದ ಹೊರಗೆ ಬಂತು.

“ಕೊಳವೆ ಉಗಿ. ಬೆನ್ನ ಮೇಲೆ ಮಲ್ಕೋ. ನಾನು ಹಿಡ್ಕೊಂಡಿದೀನಿ.”

ಅಂಗಾತ ತೇಲುತ್ತ ಕೆಮ್ಮಿದಳು, ಅತ್ತಳು, ಆಮೇಲೆ ಉಸಿರು ಹತೋಟಿಗೆ ಬಂತು. ಟೀಚರ್ ಎರಡು ಮಾರು ದೂರದಲ್ಲಿ ಬಂದು ನಿಂತಿದ್ದರು. ಗುಲಾಬಿಯದಾಗಿದ್ದರೆ ನನ್ನ ಕೈಗೆ ಬರೀ ಜಾಕೆಟ್ ಸಿಗುತ್ತಿತ್ತು.

ದಡದಲ್ಲಿ ಗಂಡ ಟವೆಲ್ ತಂದು ಅವಳಿಗೆ ಸುತ್ತಿದರು. ಗುಲಾಬಿ ಜಾಕೆಟ್ಟನ್ನು ಮಡಚಿ ಚೀಲದ ತಳಕ್ಕೆ ತುರುಕಿದರು. ಇನ್ನು ಇವಳು ನೀರಿನ ಹೆಸರೂ ಎತ್ತುವುದಿಲ್ಲ ಎಂದುಕೊಂಡು ನಾನು ತಲೆ ಒರೆಸಿಕೊಂಡೆ.

ಬಟನ್ ಬಹಳ ಹೊತ್ತು ಸಮುದ್ರ ನೋಡುತ್ತ ಕೂತಿದ್ದಳು. ಆಮೇಲೆ ಎದ್ದು, ಕಿತ್ತಳೆ ಜಾಕೆಟ್ ತಾನೇ ಹಾಕಿಕೊಂಡು, ಕಾಲ ನಡುವಿನ ಪಟ್ಟಿಯನ್ನೂ ಬಿಗಿದುಕೊಂಡು ಬಂದು ನನ್ನ ಮುಂದೆ ನಿಂತಳು.

“ಅಮ್ಮ, ಎತ್ತಿ ನೋಡು.”

ಎರಡೂ ಭುಜ ಹಿಡಿದು ಎತ್ತಿದೆ. ಜಾಕೆಟ್ಟಿನ ಜೊತೆಗೆ ಮಗಳೂ ಮೇಲೆ ಬಂದಳು.