ನೀಲು ಏನೇನು ಉಣ್ಣುತ್ತಾಳೆ

ಸರ್ವಮಂಗಳಾ ನೋಟುಬುಕ್ಕಿನ ಹಾಳೆಗೆ ಸ್ಕೇಲ್ ಇಟ್ಟು ಗೆರೆ ಎಳೆದು ಮೂರು ಭಾಗ ಮಾಡಿದಳು. ಶಕ್ತಿ ಕೊಡುವುದು, ಮೈ ಬೆಳೆಸುವುದು, ರೋಗ ತಡೆಯುವುದು. ಧಾರವಾಡದಲ್ಲಿ ಹೋಂ ಸೈನ್ಸ್ ಓದಿದವಳು. ಎರಡು ವರ್ಷದ ಕೂಸಿಗೆ ಎಷ್ಟು ಬೇಳೆ, ಎಷ್ಟು ಸೊಪ್ಪು ಎಂಬುದು ಅವಳಿಗೆ ಬಾಯಿಪಾಠ. ಆದರೂ ನೀಲುವಿನ ಅಜ್ಜಿ ಶಿವಗಂಗಮ್ಮನನ್ನು ಕೇಳಿಯೇ ಬರೆದುಕೊಳ್ಳಬೇಕೆಂದು ಗಂಡನ ಜೊತೆ ದಾವಣಗೆರೆಯಿಂದ ಮದ್ರಾಸಿಗೆ ಬಂದಿದ್ದಳು. ಒಳ್ಳೆಯ ಹುಡುಗಿಯೇ. ಕೆಟ್ಟವಳಾಗಿದ್ದರೆ ಶಿವಗಂಗಮ್ಮನ ಕೆಲಸ ಸಲೀಸಾಗುತ್ತಿತ್ತು.

“ಬೆಳಿಗ್ಗೆ ರಾಗಿ ಸರಿ. ಹತ್ತಕ್ಕೆ ಬಾಳೆಹಣ್ಣು. ಮಧ್ಯಾಹ್ನ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಮುರುಂಗೈಕೀರೆ, ಮೇಲೊಂದು ಚಮಚ ತುಪ್ಪ,” ಎಂದು ಶಿವಗಂಗಮ್ಮ ಹೇಳುತ್ತಾ ಹೋದಳು.

“ಮುರುಂಗೈಕೀರೆ ಅಂದ್ರೇನಮ್ಮ?”

“ನುಗ್ಗೆಸೊಪ್ಪು ಕಣವ್ವ. ಇಪ್ಪತ್ತು ವರ್ಷ ಈ ತ್ರಿಪ್ಲಿಕೇನ್‌ನಾಗೆ ಇದ್ದು ನಮ್ಮ ಮಾತೇ ಮರ್ತು ಹೋಗೈತೆ.”

ಮಗಳು ಊರ್ಮಿಳಾ ಕಾಮಾಲೆಯಾಗಿ ತೀರಿಕೊಂಡಾಗ ನೀಲುವಿಗೆ ಎಂಟು ತಿಂಗಳು. ಅಳಿಯ ಶಾಂತವೀರಪ್ಪನನ್ನು ಬ್ಯಾಂಕಿನವರು ದಾವಣಗೆರೆಗೆ ವರ್ಗ ಮಾಡಿದರು. ಕೂಸು ಅಜ್ಜಿಯ ಮಡಿಲಲ್ಲೇ ಉಳಿಯಿತು. ಈಗ ಅವನು ಸರ್ವಮಂಗಳೆಯನ್ನು ಮದುವೆಯಾಗಿ, ಮಗಳನ್ನು ಕರೆದೊಯ್ಯಲು ಬಂದಿದ್ದ. ತಪ್ಪೇನಿಲ್ಲ. ಶಿವಗಂಗಮ್ಮನಿಗೆ ಸಿಟ್ಟೂ ಬರಲಿಲ್ಲ, ದುಃಖವೂ ಆಗಲಿಲ್ಲ. ಒಂದೂವರೆ ವರ್ಷದಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ. ಎದ್ದಳು, ಬೇಯಿಸಿದಳು, ಮಲಗಿದಳು, ಅಷ್ಟೇ.

ಒಂದನ್ನು ಮಾತ್ರ ಅವಳು ಬರೆಸಲಿಲ್ಲ. ಮಗಳು ಹೋದ ಹೊಸದರಲ್ಲಿ ಶಿವಗಂಗಮ್ಮ ಅನ್ನ ಮುಟ್ಟುತ್ತಿರಲಿಲ್ಲ. ಒಂದು ದಿನ ಉಣಿಸುತ್ತಿರುವಾಗ ಕೂಸೇ ತಟ್ಟೆಗೆ ಕೈ ಹಾಕಿ, ಅನ್ನ ಹಿಚುಕಿ ಅಜ್ಜಿಯ ಬಾಯಿಗೆ ತುರುಕಿತು. ಬೇಡವೆನ್ನಲಾಗದೆ ನುಂಗಿದಳು. ಅದೇ ರೂಢಿಯಾಯಿತು. ಉಣಿಸುವವರು ಮೊದಲು ನೀಲುವಿನ ಕೈತುತ್ತು ತಿನ್ನಬೇಕು. ಇಲ್ಲದಿದ್ದರೆ ಯಾರು ತಲೆಕೆಳಗಾಗಿ ನಿಂತರೂ ಅವಳು ಬಾಯಿ ತೆರೆಯುವುದಿಲ್ಲ. ಇದೊಂದನ್ನು ಹೇಳದಿದ್ದರೆ ಸಾಕು, ಕೂಸು ಇಲ್ಲೇ ಉಳಿಯುತ್ತದೆ ಎಂದು ಶಿವಗಂಗಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದಳು.

ಮಧ್ಯಾಹ್ನ ಸರ್ವಮಂಗಳಾ ಸೋಪಿನಲ್ಲಿ ಕೈ ತೊಳೆದು ತಟ್ಟೆ ಹಿಡಿದು ಕೂತಳು. ನೀಲು ಒಂದು ತುತ್ತು ಹಿಡಿದು ಅವಳ ಬಾಯಿಯತ್ತ ಚಾಚಿದಳು.

“ಇದು ನಿಂದು ಪುಟ್ಟಿ. ಅಳತೆ ಮಾಡಿ ಹಾಕಿದೀನಿ, ನೀನೇ ಉಣ್ಬೇಕು,” ಎಂದು ಸರ್ವಮಂಗಳಾ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು.

ನೀಲು ತುಟಿ ಬಿಗಿದುಕೊಂಡಳು. ಕಾಗೆ ತೋರಿಸಿದ್ದಾಯಿತು, ಬೀದಿಯ ರಿಕ್ಷಾ ತೋರಿಸಿದ್ದಾಯಿತು. ಸಂಜೆಗೂ ಅದೇ, ಮರುದಿನ ಬೆಳಿಗ್ಗೆಯೂ ಅದೇ. ಹೊಟ್ಟೆಗೆ ಹೋದದ್ದು ಒಂದಿಷ್ಟು ಹಾಲು. ಸರ್ವಮಂಗಳೆಯ ಮುಖ ಬಾಡಿತು; ತನ್ನ ಪಟ್ಟಿಯಲ್ಲೇ ಏನೋ ತಪ್ಪಿದೆಯೆಂದು ಅದನ್ನೇ ಮತ್ತೆ ಮತ್ತೆ ಓದಿದಳು.

ಎರಡನೆಯ ಮಧ್ಯಾಹ್ನ ಶಾಂತವೀರಪ್ಪನ ತಾಳ್ಮೆ ಮುಗಿಯಿತು. “ಬ್ಯಾಡ ಬಿಡ್ರಿ ಅತ್ತಿ. ನಾಳೆ ನಾವಿಬ್ರೇ ಹೋಗ್ತೀವಿ. ಕೂಸು ನಿಮ್ಮ ಹತ್ರನೇ ಇರ್ಲಿ.”

ಗೆದ್ದಾಯಿತು. ಶಿವಗಂಗಮ್ಮನಿಗೆ ಗೆದ್ದ ಖುಷಿಯೂ ಆಗಲಿಲ್ಲ. ಕೂಸಿನ ಕಡೆ ನೋಡಿದಳು. ನೀಲು ಮತ್ತೆ ತಟ್ಟೆಗೆ ಕೈ ಹಾಕಿ ಸರ್ವಮಂಗಳೆಯ ಬಾಯಿಗೆ ತುತ್ತು ಒಡ್ಡಿದ್ದಳು. ಬೆರಳ ಸಂದಿಯಿಂದ ಅನ್ನ ನೆಲಕ್ಕೆ ಉದುರುತ್ತಿತ್ತು. ಅಷ್ಟು ಹಸಿದಿದ್ದರೂ ಮೊದಲು ಎದುರಿಗಿದ್ದವಳಿಗೆ.

“ಬಾಯಿ ತೆಗಿಯವ್ವ,” ಎಂದಳು ಶಿವಗಂಗಮ್ಮ.

ಗಂಡ ಹೆಂಡಿರಿಬ್ಬರೂ ಕೂಸನ್ನು ನೋಡಿದರು.

“ಕೂಸಿಗಲ್ಲ, ನಿಂಗೇ ಹೇಳಿದ್ದು. ಅದು ಕೊಡೋದನ್ನ ನೀನು ತಿನ್ನು. ಆಮೇಲೆ ಅದು ಉಣ್ತದೆ.”

ಸರ್ವಮಂಗಳಾ ಬಾಯಿ ತೆರೆದಳು. ನೀಲು ತುರುಕಿದ ಅನ್ನ ಅರ್ಧ ಬಾಯಿಗೆ, ಅರ್ಧ ಮೂಗಿಗೆ ಹೋಯಿತು. ನೀಲು ಕಿಲಕಿಲ ನಕ್ಕು, ತಾನೂ ಬಾಯಿ ತೆರೆದಳು. ಅವಳಿಗೊಂದು, ತನಗೊಂದು. ಶಿವಗಂಗಮ್ಮ ಪಕ್ಕದಲ್ಲೇ ಕೂತಿದ್ದಳು. ಅಜ್ಜಿಗೂ ಒಂದು ತುತ್ತು ಬಂದೀತೆಂದು ನಾಚಿಕೆ ಬಿಟ್ಟು ಕಾದಳು. ತಟ್ಟೆ ಖಾಲಿಯಾಯಿತು. ನೀಲು ಇತ್ತ ತಿರುಗಲೇ ಇಲ್ಲ.

“ಹಂಗಾದ್ರೆ ನಾಳೆ ಮೂವರೂ ಹೊರಡಬಹುದಲ್ಲ ಅತ್ತಿ?” ಶಾಂತವೀರಪ್ಪನ ಮುಖ ಅರಳಿತ್ತು.

“ಹೊರಡ್ರಿ,” ಎಂದವಳಿಗೆ ಅಳು ಬಂತು, ಮಗಳು ಸತ್ತ ದಿನವೂ ಬಾರದಿದ್ದ ಅಳು.