ಮೇಲಿನಂತೆಯೇ

ಸುಟ್ಟಗಾಯದ ವಾರ್ಡಿನಿಂದ ಗಾಯದ ಕೀವು ಒರೆಸಿದ ಎರಡು ಹತ್ತಿಕಡ್ಡಿಗಳು ಲ್ಯಾಬಿಗೆ ಬಂದವು. ಒಂದು ಮೂರನೇ ಹಾಸಿಗೆಯ ಅಡುಗೆಯವನದು. ಇನ್ನೊಂದು ನಾಲ್ಕನೇ ಹಾಸಿಗೆಯವನದು; ಅವನು ಆ ಲ್ಯಾಬಿನಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವವಳ ಸ್ವಂತ ತಮ್ಮ. ಕಾರ್ಖಾನೆಯ ಬಾಯ್ಲರು ಒಡೆದಾಗ ಎದುರಿಗಿದ್ದವನು.

ಮರುದಿನ, ರೋಗಾಣು ಬೆಳೆಯಲೆಂದು ಕಡ್ಡಿ ಸವರಿಟ್ಟಿದ್ದ ಎರಡೂ ತಟ್ಟೆಗಳಲ್ಲಿ ಅದೇ ಹಸಿರು, ಅದೇ ಹುಳಿತ ದ್ರಾಕ್ಷಿಯ ವಾಸನೆ. ಒಂದೇ ಜಾತಿಯ ರೋಗಾಣು. ಆದರೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಸಾಧು, ಒಬ್ಬ ಪುಂಡ ಇರುವುದಿಲ್ಲವೇ? ಈ ಜಾತಿಯಲ್ಲಿ ಕೆಲವಕ್ಕೆ ಒಂದು ಜೀನ್ ಹೆಚ್ಚಿಗೆ ಇರುತ್ತದೆ. ಅದಿದ್ದರೆ ಅವು ವಿಷ ಉಗುಳಿ, ಗಾಯದ ಸುತ್ತಲಿನ ಜೀವಂತ ಮಾಂಸವನ್ನೂ ಕೊಂದು ರಕ್ತಕ್ಕಿಳಿಯುತ್ತವೆ. ಜೀನ್ ಇದೆಯೆಂದು ಗೊತ್ತಾದರೆ ಸರ್ಜನ್ ಅಂದೇ ಸತ್ತ ಚರ್ಮವನ್ನೆಲ್ಲ ಕತ್ತರಿಸಿ ತೆಗೆಯುತ್ತಾರೆ. ಇಲ್ಲವೆಂದರೆ ಔಷಧಿ ಕೊಟ್ಟು ಕಾಯುತ್ತಾರೆ.

ಜೀನ್ ಪರೀಕ್ಷೆಯ ಕಿಟ್ಟಿಗೆ ಯಾವಾಗಲೂ ಬರಗಾಲ. ಅದಕ್ಕೇ ಒಂದು ರೂಢಿ: ಎರಡು ತಟ್ಟೆ ಒಂದೇ ಥರ ಕಂಡರೆ ಒಂದನ್ನು ಪರೀಕ್ಷಿಸುವುದು, ಇನ್ನೊಂದರ ಮುಂದೆ ‘ಮೇಲಿನಂತೆಯೇ’ ಎಂದು ಬರೆಯುವುದು. ಹತ್ತು ವರ್ಷದಿಂದ ಅಕ್ಕನೇ ಬೆಳೆಸಿದ ರೂಢಿ ಅದು. ಅಂದು ಉಳಿದಿದ್ದದ್ದು ಒಂದೇ ಕಿಟ್ಟು.

"ನಿಮ್ಮ ತಮ್ಮನದೇ ಹಾಕಿ ಅಕ್ಕಾ, ಯಾರು ಕೇಳ್ತಾರೆ?" ಎಂದಳು ಜೊತೆಯವಳು.

"ಬೇಡಮ್ಮ. ಆಡ್ಕೊಳ್ಳೋರ ಮುಂದೆ ಎಡವಿ ಬಿದ್ದ ಹಾಗಾಗುತ್ತೆ. ಹೇಗಿದ್ರೂ ಎರಡೂ ಒಂದೇ ತಾನೇ?"

ಪ್ರಾಮಾಣಿಕಳು ಎನ್ನಿಸಿಕೊಳ್ಳಲು ಇದಕ್ಕಿಂತ ಕೆಟ್ಟ ದಿನ ಅವಳಿಗೆ ಸಿಕ್ಕುತ್ತಿರಲಿಲ್ಲ. ಅಡುಗೆಯವನದನ್ನು ಹಾಕಿದಳು. ಜೀನ್ ಇರಲಿಲ್ಲ. ಕೆಳಗಿನ ಸಾಲಿನಲ್ಲಿ ತಮ್ಮನ ಮುಂದೆ ದುಂಡಾಗಿ ‘ಮೇಲಿನಂತೆಯೇ’ ಎಂದು ಬರೆದಳು.

ಸಂಜೆ ಸುದ್ದಿ ಕೇಳಿ ತಮ್ಮ ಬ್ಯಾಂಡೇಜಿನೊಳಗಿಂದಲೇ ನಕ್ಕ. "ನನ್ನ ಹುಳಾನೂ ನನ್ನ ಹಾಗೇನಾ ಅಕ್ಕಾ? ಪಕ್ಕದವನದು ಕಾಪಿ ಹೊಡೆದು ಪಾಸಾಯ್ತಾ?" ಅವಳೂ ನಕ್ಕಳು.

ಸರ್ಜನ್ ಕಾದರು. ಮೂರನೇ ದಿನಕ್ಕೆ ಗಾಯದ ಅಂಚು ಕಪ್ಪಾಯಿತು. ನಾಲ್ಕನೇ ದಿನ ಅವನನ್ನು ಥಿಯೇಟರಿಗೆ ಒಯ್ದರೂ ಕತ್ತರಿಸಿ ಉಳಿಸುವಷ್ಟು ಏನೂ ಉಳಿದಿರಲಿಲ್ಲ. ಐದನೇ ದಿನ ಹೊಸ ಕಿಟ್ಟುಗಳು ಬಂದವು. ಅಕ್ಕ ಫ್ರಿಜ್ಜಿನಲ್ಲಿದ್ದ ತಮ್ಮನ ತಟ್ಟೆಯನ್ನು ತೆಗೆದು ಪರೀಕ್ಷಿಸಿದಳು. ಜೀನ್ ಇತ್ತು. ಆ ವರದಿ ಹಿಡಿದು ವಾರ್ಡಿಗೆ ಓಡುವಷ್ಟರಲ್ಲಿ ನಾಲ್ಕನೇ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

ಹೊರಗೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಎದುರಿಗೆ ಅಡುಗೆಯವನು ಹೆಂಡತಿಯ ತೋಳು ಹಿಡಿದು ನಡೆಯುವ ಅಭ್ಯಾಸ ಮಾಡುತ್ತಿದ್ದ.

"ಇಬ್ಬರದೂ ಒಂದೇ ಹುಳ ಅಂತ ನೀನೇ ತಾನೇ ಬರೆದದ್ದು?" ಅಮ್ಮ ಕೇಳಿದಳು. "ಅವನು ನಡೀತಿದ್ದಾನೆ. ನನ್ನ ಮಗನಿಗೆ ಏನಾಯ್ತೇ?"

"ಒಂದೇ ಅಲ್ಲಮ್ಮ. ನಾನು... ನೋಡದೇ ಬರೆದೆ."

ಅಮ್ಮನಿಗೆ ಅರ್ಥವಾಗಲಿಲ್ಲ. ಮಗಳು ದುಃಖದಲ್ಲಿ ಏನೇನೋ ಆಡುತ್ತಿದ್ದಾಳೆ ಅಂದುಕೊಂಡಳು. "ನಿನ್ನ ಕೈಲಾದದ್ದೆಲ್ಲ ಮಾಡಿದೀಯ, ಬಿಡು ಮಗಳೇ" ಎನ್ನುತ್ತಾ ಅವಳ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಸವರತೊಡಗಿದಳು.