ಹುರುಳಿ ತುಳಿಯದ ಕಾರು

ಯೋಗನರಸಿಂಹ ಮೇಷ್ಟ್ರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಆದರೆ ಓಡಿಸುವವರಿಗೆ ಹೇಳಿಕೊಡಲು ಚೆನ್ನಾಗಿ ಬರುತ್ತಿತ್ತು. ಚಿಕ್ಕಬಳ್ಳಾಪುರದ ಟ್ಯಾಕ್ಸಿಯವರೆಲ್ಲ ಅವರ ದನಿ ಕೇಳಿದರೆ ಸಾಕು, ಬೇರೆ ಬಾಡಿಗೆ ಇದೆ ಅನ್ನುತ್ತಿದ್ದರು. ಹಾಗಾಗಿ ನಗರಗೆರೆಯಲ್ಲಿ ಹೆಂಡತಿ ಗೋದಮ್ಮನವರ ತಮ್ಮನ ಮೊಮ್ಮಗಳಿಗೆ ನಾಮಕರಣ ಎಂದಾಗ, ಗೋದಮ್ಮನವರ ತಂಗಿಯ ಮಗಳು ಪ್ರಿಯಂವದಾ, "ನಮ್ಮ ಕಂಪನಿ ಕಾರಲ್ಲೇ ಹೋಗಣ ದೊಡ್ಡಮ್ಮ, ಅದಕ್ಕೆ ಡ್ರೈವರೇ ಬೇಡ" ಅಂದದ್ದು ಊರಿಗೇ ಉಪಕಾರವಾಯಿತು.

ತಾನೇ ಓಡುವ ಕಾರನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ಸ್ಟೇರಿಂಗ್ ಮುಂದೆ ಕೂತರೂ ಕೈ ತೊಡೆಯ ಮೇಲೆ. ಅಪಾಯವಾದರೆ ಮಾತ್ರ ಮುಟ್ಟಬೇಕೆಂದು ಆಫೀಸಿನ ಕಟ್ಟಪ್ಪಣೆ.

"ನೋಡ್ತಿರಿ ದೊಡ್ಡಪ್ಪ, ಮುಂದೆ ಬೆಂಗಳೂರಲ್ಲಿ ಯಾರೂ ಸ್ವಂತ ಕಾರು ಇಟ್ಕೊಳಲ್ಲ. ಕರೆದ್ರೆ ಬರುತ್ತೆ, ಇಳಿಸಿ ಹೋಗುತ್ತೆ. ಪಾರ್ಕಿಂಗ್ ಜಾಗದಲ್ಲೆಲ್ಲ ಗಿಡ ನೆಡಬಹುದು."

"ಅಲ್ಲಾ, ನಿಮ್ಮ ದೊಡ್ಡಪ್ಪ ಆಗ ಬೈಯೋದು ಯಾರಿಗೆ?" ಅಂದರು ಗೋದಮ್ಮ.

ಮೇಷ್ಟ್ರು ಕಾರಿಗೇ ಬೈದರು. "ಎಡಕ್ಕೆ ಕಣೋ! ಹಂಪ್ ಐತೆ, ನಿಧಾನ!" ಕಾರು ಎದುರಾಡಲಿಲ್ಲ, ತಪ್ಪೂ ಮಾಡಲಿಲ್ಲ. ಗೌರಿಬಿದನೂರು ದಾಟುವಷ್ಟರಲ್ಲಿ ಅವರು ಬೇಜಾರಾಗಿ ಸುಮ್ಮನಾದರು.

ನಗರಗೆರೆ ಇನ್ನೇನು ಹತ್ತಿರ ಅನ್ನುವಾಗ ಕಾರು ಗಕ್ಕನೆ ನಿಂತಿತು. ರಸ್ತೆಯ ಉದ್ದಗಲಕ್ಕೂ ಹುರುಳಿ ಗಿಡ ಹರಡಿತ್ತು. ಗಾಡಿಗಳು ತುಳಿದು ಕಾಳು ಬಿಡಿಸಲಿ ಅಂತ ಗಂಗುಲಮ್ಮ ಎಂಬ ರೈತಮ್ಮ ಹಾಕಿದ್ದು.

"ದಾರಿಯಲ್ಲಿ ಅಡಚಣೆ ಇದೆ. ದಯವಿಟ್ಟು ಕಾಯಿರಿ" ಎಂದಿತು ಕಾರು.

ಗಂಗುಲಮ್ಮ ಸೊಂಟಕ್ಕೆ ಕೈಯಿಟ್ಟು ಬಂದಳು. "ಅಡಚಣೆನಾ? ನನ್ನ ಹುರುಳಿನಾ? ಬೆಳಗ್ಗಿಂದ ಲಾರಿ, ಟ್ರ್ಯಾಕ್ಟರು ಎಲ್ಲಾ ತುಳ್ಕೊಂಡು ಹೋದ್ವು, ಇದಕ್ಕೇನು ರೋಗ? ಏಮಮ್ಮಾ, ಸ್ಟೇರಿಂಗ್ ಹಿಡಿಯಾಕೆ ನಿಂಗೆ ಬರಾಕಿಲ್ವಾ?"

ಪ್ರಿಯಂವದಾ ಆಫೀಸಿಗೆ ಫೋನ್ ಮಾಡಿದಳು. ಮುಟ್ಟಬೇಡ, ಏನು ಮಾಡುತ್ತದೋ ನೋಡು ಅಂದರು. ಅದು ಏನೂ ಮಾಡಲಿಲ್ಲ. ಹಿಂದೆ ಬಸ್ಸೊಂದು ಬಂದು ಹಾರ್ನ್ ಹೊಡೆಯತೊಡಗಿತು.

ಮೇಷ್ಟ್ರು ಪಂಚೆ ಎತ್ತಿಕಟ್ಟಿ ಇಳಿದು ಕಾಲಿಂದ ಹುರುಳಿ ಸರಿಸಹೋದರು.

"ಹರಡಿದ್ದನ್ನ ಯಾಕೆ ಕೆಡಿಸ್ತೀಯಾ ಸ್ವಾಮಿ!" ಎಂದು ಗಂಗುಲಮ್ಮ ಅಡ್ಡ ನಿಂತಳು.

"ದಾರಿಯಲ್ಲಿ ಜನರಿದ್ದಾರೆ. ದಯವಿಟ್ಟು ಕಾಯಿರಿ" ಎಂದಿತು ಕಾರು.

ಅಷ್ಟರಲ್ಲಿ ತಮ್ಮನ ಫೋನ್ ಬಂತು. ಮುಹೂರ್ತ ಮೀರುತ್ತಿದೆ. ತೊಟ್ಟಿಲ ಮಗುವನ್ನು ಮೊದಲು ಹೆಸರಿಟ್ಟು ಕರೆಯಬೇಕಾದವರು ಮನೆಯ ಹಿರಿಯರಾದ ಗೋದಮ್ಮನವರೇ.

"ಹಿಡಿಯೇ ಸ್ಟೇರಿಂಗ್!" ಎಂದರು ಅವರು.

"ಅಪಾಯ ಆದ್ರೆ ಮಾತ್ರ ದೊಡ್ಡಮ್ಮ..."

"ಇದಕ್ಕಿಂತ ಅಪಾಯ ಬೇಕೇನೇ? ನಾನಿಲ್ದೆ ಇರೋವಾಗ ನನ್ನ ತಮ್ಮನ ಹೆಂಡ್ತಿ ತನ್ನಮ್ಮನ ಹೆಸರು ಕರೆದುಬಿಟ್ರೆ?"

ಪ್ರಿಯಂವದಾ ಸ್ಟೇರಿಂಗ್ ಹಿಡಿದಳು. ಗಂಗುಲಮ್ಮ ಪಕ್ಕಕ್ಕೆ ಸರಿದಳು, ಮೇಷ್ಟ್ರು ಓಡಿಬಂದು ಹತ್ತಿದರು. ಚಕ್ರದಡಿ ಹುರುಳಿ ಚಟಚಟ ಅಂತು. ಸದ್ಯ ದಾಟಿದೆವು ಅನ್ನುವಾಗ ಗಂಗುಲಮ್ಮ ಕಿಟಕಿ ಬಡಿದಳು.

"ಆ ಮೂಲೆ ಬಿಟ್ಟೋಯ್ತು ಕಣಮ್ಮ. ಒಂದ್ ಸಲ ಹಿಂದಕ್ಕೆ ತಗೊಂಡು ಬಾ."

ಇಷ್ಟು ಹೊತ್ತು ರಸ್ತೆ ಕಟ್ಟಿದ ಸಂಕೋಚಕ್ಕೆ ಪ್ರಿಯಂವದಾ ಹಿಂದಕ್ಕೂ ತಗೊಂಡಳು. ಹಿಂದಿದ್ದ ಬಸ್ಸಿನವನು ತಲೆ ಚಚ್ಚಿಕೊಂಡು ತಾನೂ ಹಿಂದೆ ಸರಿದ.

ತಮ್ಮನ ಮನೆ ಮುಂದೆ ಕಾರಿಳಿದ ಗೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಮನೆಗೆ ಓಡಿದಾಗ ತಮ್ಮನ ಹೆಂಡತಿ ತೊಟ್ಟಿಲಿಗೆ ಬಗ್ಗಿ ಬಾಯಿ ತೆರೆದಾಗಿತ್ತು. ಗೋದಮ್ಮ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಏದುಸಿರು ಬಿಡುತ್ತಲೇ "ಚಂದ್ರಕಲಾ" ಅಂತ ಮೂರು ಸಲ ಕರೆದರು. ಮಗು ಆಕಳಿಸಿತು. ಒಪ್ಪಿಗೆಯೇ ಎಂದು ಎಲ್ಲರೂ ನಕ್ಕರು, ಒಬ್ಬರನ್ನು ಬಿಟ್ಟು.

ಊಟಕ್ಕೆ ಕೂತಾಗ ಆಫೀಸಿನ ಫೋನ್ ಬಂತು. ಕೆಲಸ ಹೋಯಿತೆಂದೇ ಪ್ರಿಯಂವದಾ ಎತ್ತಿದಳು. ಅವರು ಬೈಯಲಿಲ್ಲ. ಇಂಥ ರಸ್ತೆ ಬೆಂಗಳೂರಲ್ಲಿ ಸಿಗಲ್ಲ, ಕಾರು ಕಲಿಯೋವರೆಗೂ ಆ ಕಡೆಯೇ ಓಡಿಸು ಅಂದರು.

"ಕಲಿಯುತ್ತಾ?" ಎಂದರು ಮೇಷ್ಟ್ರು.

"ಗೊತ್ತಿಲ್ಲ ದೊಡ್ಡಪ್ಪ" ಎಂದು ಪ್ರಿಯಂವದಾ ಫೋನ್ ಪಕ್ಕಕ್ಕಿಟ್ಟು, ಎಲೆಯಲ್ಲಿ ಎರಡನೇ ಒಬ್ಬಟ್ಟಿಗೆ ಜಾಗ ಮಾಡಿಕೊಂಡಳು.